ಎಪ್ಪತ್ತೆಂಟು ಕಿಲೋ ಮೇಲ್ಪಟ್ಟು

"ಇವಳನ್ನ ತೂಗೋಕೆ ದನದ ಕಾಟಾನೇ ತರಿಸ್ಬೇಕೇನೋ," ಎಂದು ಸಾಹುಕಾರರು ನಕ್ಕರು. ಕೊಳೆಬಟ್ಟೆ ತೂಗುವ ಕಾಟಾದ ಮೇಲೆ ನನ್ನ ತಂಗಿ ನಿಂತಿದ್ದಳು. ಹೆಗಲ ಮೇಲಿನ ಒದ್ದೆ ಗಂಟನ್ನು ಇಳಿಸು ಎಂದು ಯಾರೂ ಹೇಳಿರಲಿಲ್ಲ. ಗಂಟೂ ಸೇರಿ ನೂರ ನಲವತ್ತು ತೋರಿಸಿತು. ಗಂಟು ಕಳೆದು ನೂರ ಎಂಟು ಎಂದು ಲೆಕ್ಕ ಹಾಕಿದಾಗ ಸಾಹುಕಾರರ ಮುಖ ಅರಳಿತು.

ಅವರು ಬರೀ ಲಾಂಡ್ರಿಯ ಮಾಲೀಕರಲ್ಲ, ಜೂಡೋ ಸಂಘದ ಅಧ್ಯಕ್ಷರೂ ಹೌದು. ಅವರ ತಂಡದಲ್ಲಿ ಎಲ್ಲ ತೂಕದ ಹೆಣ್ಣುಮಕ್ಕಳೂ ಇದ್ದರು; ಎಪ್ಪತ್ತೆಂಟು ಕಿಲೋ ಮೇಲ್ಪಟ್ಟವರ ಜಾಗ ಮಾತ್ರ ಖಾಲಿ. ಆಸ್ಪತ್ರೆಯ ಹಾಸುಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಅಮ್ಮ ಬಟ್ಟೆ ಮಡಚುವ ಮೇಜಿನಲ್ಲಿದ್ದಳು, ನಾನು ಇಸ್ತ್ರಿಯಲ್ಲಿ. ತಂಗಿ ಒಗೆಯುವ ಯಂತ್ರದ ಬಳಿಯಿಂದ ಒಣಗಿಸುವ ಕೋಣೆಗೆ ಗಂಟು ಹೊರುತ್ತಿದ್ದಳು. ನಾವೆಲ್ಲ ಅವಳನ್ನು ಗುಡ್ಡ ಎನ್ನುತ್ತಿದ್ದೆವು. ನಾವು ಅಂದರೆ ನಗುತ್ತಿದ್ದಳು, ಬೇರೆಯವರು ಅಂದರೆ ಇಲ್ಲ.

ಅವಳ ಅಳತೆಯ ಜೂಡೋ ಅಂಗಿ ಸಂಘದಲ್ಲಿರಲಿಲ್ಲ. ಅಮ್ಮ ಎರಡು ಅಂಗಿ ಬಿಚ್ಚಿ, ನಡುವೆ ಹರಿದ ಹಾಸುಬಟ್ಟೆಯ ತುಂಡು ಕೊಟ್ಟು ಹೊಲಿದಳು. ಬೆನ್ನ ಮೇಲೆ 'ವಾರ್ಡ್ ೬' ಎಂಬ ಮುದ್ರೆ ಉಳಿದುಹೋಯಿತು. ಮೊದಲ ಪಂದ್ಯದಲ್ಲಿ ಎದುರಾಳಿ ಅದನ್ನು ಓದಿ ಕಿಸಕ್ಕೆಂದಳು. ನಗು ಮುಗಿಯುವ ಮೊದಲೇ ಅಂಗಾತ ಬಿದ್ದಿದ್ದಳು. ಒದ್ದೆ ಬಟ್ಟೆಯ ಗಂಟಿಗೆ ಹಿಡಿಯಲು ಕಾಲರ್ ಇರಲ್ಲ, ಇವರಿಗಾದರೂ ಇದೆ ಎಂದು ತಂಗಿ ನನಗೆ ಹೇಳಿದ್ದಳು.

ನಾಲ್ಕು ವರ್ಷ ಸತತವಾಗಿ ಅವಳೇ ದೇಶದ ಚಾಂಪಿಯನ್. ಪತ್ರಿಕೆಯ ಫೋಟೋದಲ್ಲಿ ಸಾಹುಕಾರರು ಕಪ್ ಹಿಡಿದು ನಡುವೆ ನಿಂತಿರುತ್ತಿದ್ದರು. ಅಷ್ಟು ದೊಡ್ಡ ನನ್ನ ತಂಗಿ ಅವರ ಹಿಂದೆ ಹೇಗೆ ಮರೆಯಾಗುತ್ತಿದ್ದಳೋ, ಫೋಟೋದವನನ್ನೇ ಕೇಳಬೇಕು. ನಮ್ಮ ಲಾಂಡ್ರಿಯಲ್ಲಿ ಭಾರ ಹೊರಿಸಿ ಹೊರಿಸಿಯೇ ಈ ಮಗುವನ್ನು ತಯಾರು ಮಾಡಿದೆವು ಎಂದು ಅವರು ಒಂದು ಸಭೆಯಲ್ಲಿ ಭಾಷಣ ಮಾಡಿದರು. ಮಾರನೆಯ ದಿನದಿಂದ ಅವಳಿಗೆ ಒಂದರ ಬದಲು ಎರಡು ಗಂಟು. ತರಬೇತಿಯಂತೆ.

ಐದನೆಯ ವರ್ಷ ಹೊರದೇಶದ ಪಂದ್ಯಕ್ಕೆ ಕರೆ ಬಂತು. ಆಗಲೇ ಸಾಹುಕಾರರ ಮಗಳಿಗೂ ಜೂಡೋ ಮೇಲೆ ಪ್ರೀತಿ ಹುಟ್ಟಿತು. ಕಡಿಮೆ ಜನ ಇರುವ ವಿಭಾಗ ಇದೇ ಎಂದು ಸಾಹುಕಾರರು ಅವಳನ್ನು ತಿನ್ನಿಸಿ ತಿನ್ನಿಸಿ ಎಪ್ಪತ್ತೊಂಬತ್ತಕ್ಕೆ ಮುಟ್ಟಿಸಿದರು. ಆಯ್ಕೆಯ ಕೊನೆಯ ಪಂದ್ಯ ಅವಳಿಗೂ ನನ್ನ ತಂಗಿಗೂ ನಡುವೆ ಬಿತ್ತು.

ಸಾಹುಕಾರರು ತಂಗಿಯನ್ನು ಕರೆಯಲಿಲ್ಲ, ಅಮ್ಮನನ್ನು ಕರೆದರು. ಅಮ್ಮನ ಮಂಡಿ ಸವೆದಿದ್ದು ಅವರಿಗೆ ಗೊತ್ತಿತ್ತು. ನಿನ್ನ ಹುಡುಗಿ ಪಂದ್ಯದಲ್ಲಿ ಸ್ವಲ್ಪ ಜಾರಿದರೆ ನೀನು ಸ್ಟೂಲಿನ ಮೇಲೆ ಕೂತೇ ಬಟ್ಟೆ ಮಡಚಬಹುದು, ಇಲ್ಲದಿದ್ದರೆ ದಿನವಿಡೀ ನಿಂತು ಬಟ್ಟೆ ನೆನೆಹಾಕುವ ತೊಟ್ಟಿಗೆ ಹೋಗು ಎಂದರಂತೆ. ಅಮ್ಮ ಮನೆಗೆ ಬಂದು ಎಲ್ಲ ಹೇಳಿದಳು.

"ನೀನೇನಂತೀಯಮ್ಮ?" ತಂಗಿ ಕೇಳಿದಳು.

ಅಮ್ಮ ಮಂಡಿಗೆ ಎಣ್ಣೆ ತಿಕ್ಕುತ್ತಲೇ ಇದ್ದಳು. ಆಮೇಲೆ, "ಆ ಬೋಳಿಮಗನ ಸ್ಟೂಲು ಯಾವನಿಗೆ ಬೇಕು. ಬೀಳ್ಬೇಡ ಕಣೆ," ಎಂದಳು.

ಪಂದ್ಯ ಒಂಬತ್ತು ಸೆಕೆಂಡಿನಲ್ಲಿ ಮುಗಿಯಿತು. ಬಿದ್ದಲ್ಲೇ ಸಾಹುಕಾರರ ಮಗಳು ನನ್ನ ತಂಗಿಯ ಕಿವಿಯಲ್ಲಿ, ಸದ್ಯ, ಇನ್ನು ತಿನ್ನೋದು ತಪ್ಪಿತು ಎಂದಳಂತೆ. ಪಾಪ, ತಪ್ಪಲಿಲ್ಲ.

ಮರುವಾರ ಅಮ್ಮ ತೊಟ್ಟಿಗೆ ಹೋದಳು. ಅದೇ ದಿನ ಸಂಘದ ಡಾಕ್ಟರ ಪತ್ರ ಬಂತು. ಅವರು ತಂಗಿಯ ನಾಡಿಯನ್ನೂ ಹಿಡಿದು ನೋಡಿದವರಲ್ಲ. ವಿಪರೀತ ತೂಕದ ಕಾರಣ ಈಕೆ ಎಪ್ಪತ್ತೆಂಟು ಕಿಲೋ ಮೇಲ್ಪಟ್ಟವರ ವಿಭಾಗಕ್ಕೆ ಅನರ್ಹಳು ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದ್ದರು. ತಂಗಿ ಎರಡು ಸಲ ಓದಿ, ಕಾಗದ ನನಗೆ ಕೊಟ್ಟು, ಗಂಟು ಹೊರಲು ಹೋದಳು.

ತಂಗಿಯ ಬದಲು ಹೊರದೇಶಕ್ಕೆ ಹೊರಟ ಮಗಳ ಬೀಳ್ಕೊಡುಗೆಗೆ ಸಾಹುಕಾರರು ಲಾಂಡ್ರಿಗೆ ಅರ್ಧ ದಿನ ರಜೆ ಕೊಟ್ಟರು; ಚಪ್ಪಾಳೆಗೆ ಜನ ಬೇಕಿತ್ತು. ಸಾಹುಕಾರರೇ ಜೂಡೋ ಅಂಗಿ ತೊಟ್ಟು ಬಂದರು. ಕಪ್ಪು ಪಟ್ಟಿ ಕಟ್ಟಲು ಬಾರದೆ ಕೋಚ್ ಕೈಯಲ್ಲಿ ಕಟ್ಟಿಸಿಕೊಂಡರು. ಕ್ಯಾಮೆರಾಗಳ ಮುಂದೆ ಅವರು ಮಾಜಿ ಚಾಂಪಿಯನ್ ಆದ ನನ್ನ ತಂಗಿಯನ್ನು ಎತ್ತಿ ಒಗೆಯುವುದು, ಅವರು ಎಳೆದ ಕೂಡಲೇ ಅವಳು ತಾನೇ ಹಾರಿ ಬೀಳುವುದು ಎಂದು ಮೊದಲೇ ಮಾತಾಗಿತ್ತು. ತಂಗಿ ಆಗಲಿ ಎಂದು ತಲೆಯಾಡಿಸಿದ್ದಳು.

ಸಾಹುಕಾರರು ಎಳೆದರು. ಅವಳು ನಿಂತೇ ಇದ್ದಳು. ಇನ್ನೊಮ್ಮೆ ಎಳೆದರು, ಅಡ್ಡಗಾಲು ಕೊಟ್ಟರು, ಕೊನೆಗೆ ಅವಳ ಸೊಂಟಕ್ಕೆ ಜೋತುಬಿದ್ದರು.

"ಬೀಳೇ ಮುಂಡೇದೆ," ಎಂದು ಹಲ್ಲು ಕಚ್ಚಿಕೊಂಡು ಅಂದದ್ದು ಅವರ ಅಂಗಿಗೆ ಸಿಕ್ಕಿಸಿದ್ದ ಮೈಕಿನಲ್ಲಿ ಇಡೀ ಸಭೆಗೆ ಕೇಳಿಸಿತು.

ತಂಗಿ ಅವರ ಕಾಲರ್ ಹಿಡಿದು, ಕಾಲು ಸರಿಸಿ, ಪೆಟ್ಟಾಗದಂತೆ ಮೆಲ್ಲಗೆ ಮಲಗಿಸಿದಳು. ಆಮೇಲೆ ಅವರ ಎದೆಯ ಮೇಲೆ ಅಡ್ಡಲಾಗಿ ಒರಗಿ ಅಮುಕಿ ಹಿಡಿದಳು. ಹಾಗೆ ಇಪ್ಪತ್ತು ಎಣಿಸುವವರೆಗೆ ಹಿಡಿದರೆ ಗೆಲುವು ಎನ್ನುವುದು ಜೂಡೋ ನಿಯಮ.

"ಏಳಿ ಸಾಹುಕಾರ್ರೇ. ತೂಕ ಜಾಸ್ತಿ ಆದ್ರೆ ಹೇಳಿ, ಬರ್ಕೊಳ್ಳೋಕೆ ಡಾಕ್ಟ್ರು ಇಲ್ಲೇ ಕೂತಿದಾರೆ."

ಮೊದಲ ಸಾಲಿನಲ್ಲಿದ್ದ ಡಾಕ್ಟರು ಚಪ್ಪಲಿ ನೋಡಿಕೊಂಡರು. ಕೋಚ್ ಎರಡು ಹೆಜ್ಜೆ ಮುಂದೆ ಬಂದು, ಯಾಕೋ ಅಲ್ಲೇ ನಿಂತ. ಹಿಂದಿನ ಸಾಲಿನಿಂದ ಅಮ್ಮ, "ಒಂದು," ಎಂದಳು. "ಎರಡು" ಎಂದಿದ್ದು ನಾನು. ಐದರ ಹೊತ್ತಿಗೆ ಇಸ್ತ್ರಿಯವರು, ಹತ್ತರ ಹೊತ್ತಿಗೆ ತೊಟ್ಟಿಯವರು ದನಿ ಸೇರಿಸಿದರು. ಸೋತೆ ಎನ್ನಲು ನೆಲ ತಟ್ಟಬೇಕೆಂದು ಸಾಹುಕಾರರು ಕಲಿತೇ ಇರಲಿಲ್ಲ, ಗಾಳಿಯಲ್ಲಿ ಕೈಯಾಡಿಸುತ್ತಿದ್ದರು.

ಇಪ್ಪತ್ತಾಯಿತು. ತಂಗಿ ತಲೆಯೆತ್ತಿ ನಮ್ಮ ಕಡೆ ನೋಡಿದಳು.

"ಇಪ್ಪತ್ತೊಂದು," ಎಂದೆವು.