ನಮ್ಮವ್ವನ ಗಾಳ

ತಪ್ಪು ನನ್ನದೇ. ಕೆರೆಯ ದಡದಲ್ಲಿ ಕೂರುವುದಕ್ಕೆ ಬೆಂಚು ಇದೆಯೇ ಎಂದು ನಾನು ವಾಟ್ಸಾಪ್ ಗ್ರೂಪಿನಲ್ಲಿ ಕೇಳಲೇಬಾರದಿತ್ತು.

ನಮ್ಮವ್ವ ಬೆಟ್ಟಮ್ಮ ಟಿ. ನರಸೀಪುರದ ಕಡೆಯವಳು. ಅಮೆರಿಕದ ಲಿನ್‌ವುಡ್ಡಿನ ನಮ್ಮ ಮನೆಗೆ ಬಂದು ಐದು ತಿಂಗಳಾಯಿತು. ಇಷ್ಟು ದಿನದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ: ನೀರಿನ ಪಕ್ಕ ಕೂತು ಒಂದು ದಿನ ಗಾಳ ಹಾಕಬೇಕು. ಮುಂದಿನ ಬುಧವಾರ ಅವಳ ವಿಮಾನ. ಕೈಯಲ್ಲಿ ಉಳಿದಿರುವುದು ಒಂದೇ ಒಂದು ಭಾನುವಾರ.

ಡುವಾಲ್ ಊರು ದಾಟಿ ಹೋದರೆ ಸ್ಟೇಟ್ ಪಾರ್ಕಿನೊಳಗೆ ಒಂದು ಪುಟ್ಟ ಕೆರೆಯಿದೆ. ಪ್ರತಿ ವಸಂತದಲ್ಲೂ ಅದಕ್ಕೆ ಟ್ರೌಟ್ ಮೀನು ತಂದು ಬಿಡುತ್ತಾರೆ. ಅವ್ವನ ಹೆಸರಿನಲ್ಲಿ ಒಂದು ದಿನದ ಲೈಸೆನ್ಸ್ ತೆಗೆಸಿದೆ. ಆಫೀಸಿನ ಹನೀಫ್ ತನ್ನ ಗಾಳದ ಕೋಲು ಕೊಟ್ಟ. ಅವ್ವನಿಗೆ ಮಂಡಿನೋವು, ಅದಕ್ಕೇ ಗಾಳದ ವಿಷಯವನ್ನೂ ಬರೆದು ಬೆಂಚಿನ ವಿಚಾರಣೆ.

ನಮ್ಮ ಕನ್ನಡ ಗ್ರೂಪಿಗೆ ಗುರುಪ್ರಸಾದ್ ಅಡ್ಮಿನ್. ಬೆಂಚು ಇದೆಯೋ ಇಲ್ಲವೋ ಪುಣ್ಯಾತ್ಮರು ಇವತ್ತಿಗೂ ಹೇಳಿಲ್ಲ. ಅರ್ಧ ಗಂಟೆಯಲ್ಲಿ 'ಕೆರೆ ದಡದಲ್ಲಿ ಕನ್ನಡ ಕಲರವ' ಎಂದು ಹೆಸರಿಟ್ಟು, ಯಾರು ಏನು ಅಡುಗೆ ತರಬೇಕೆಂದು ಬರೆಯುವ ಶೀಟ್ ತೆರೆದರು. ಸಂಜೆಯ ಹೊತ್ತಿಗೆ ಮೂವತ್ತೆಂಟು ಜನ. ಮೊಸರನ್ನಕ್ಕೇ ನಾಲ್ವರು! ಹೋಗಲಿ, ಜನ ಬಂದರೆ ಅವ್ವನಿಗೂ ಖುಷಿ ಎಂದುಕೊಂಡು ಸುಮ್ಮನಾದೆ. ಮಾರನೆಯ ದಿನ ಕಾರ್ಯಕ್ರಮದ ಪಟ್ಟಿ ಬಂತು. ಅಂತ್ಯಾಕ್ಷರಿ ಇತ್ತು, ಹಗ್ಗ ಜಗ್ಗಾಟ ಇತ್ತು, ಮೀನು ಹಿಡಿಯುವುದು ಮಾತ್ರ ಇರಲಿಲ್ಲ. ಗುರುಪ್ರಸಾದರಿಗೆ ಕಾಲ್ ಮಾಡಿ ಕೇಳಿದೆ.

"ಕವನಾ ಅವ್ರೇ, ಫಿಶಿಂಗ್ ಡ್ರಾಪ್ ಮಾಡಿದೀವಿ. ಊಟದ ಪಕ್ಕದಲ್ಲೇ ಅದೆಲ್ಲಾ ಯಾಕೆ? ಕೆಲವರಿಗೆ ಸರಿಹೋಗಲ್ಲ. ಅಮ್ಮನಿಗೆ ಬೇರೆ ಸ್ಲಾಟ್ ಇಟ್ಟಿದೀವಿ, ಜಾನಪದ ಗೀತೆ, ಹದಿನೈದು ನಿಮಿಷ."

ಜಾನಪದ ಗೀತೆಯಂತೆ! ಯುಗಾದಿಯ ದಿನ ಅವ್ವ ಹಾಡಿದಾಗ ಇದೇ ಜನ ಮುಗಿಬಿದ್ದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಅದು ಬಲೆ ಎಳೆಯುವಾಗ ಹಾಡುವ ಪದ. ನಾವು ಬೆಸ್ತರು. ಇವರಿಗೆ ಪದ ಬೇಕು, ಬಲೆ ಎಳೆದ ಕೈ ಬೇಡ. ನನ್ನ ಮೈಯೆಲ್ಲ ಉರಿದುಹೋಯಿತು. ಅಷ್ಟು ಉರಿದರೂ ಬಾಯಲ್ಲಿ ಬಂದದ್ದೇನು? "ಸರಿ ಸರ್, ಓಕೆ." ಆರು ವರ್ಷದಿಂದ "ನೀವು ವೆಜ್ ತಾನೇ?" ಎಂದವರಿಗೆಲ್ಲ "ಇವತ್ತು ತಿನ್ನಲ್ಲ" ಎಂದು ಜಾರಿಕೊಂಡು ಬಂದ ನಾಲಿಗೆ ಇದು. ಗುರುಪ್ರಸಾದರಿಗಿಂತ ನನ್ನ ಮೇಲೇ ನನಗೆ ಹೆಚ್ಚು ಸಿಟ್ಟು ಬಂತು.

ಅಡುಗೆಮನೆಯಲ್ಲಿ ಅವ್ವ ಗಾಳಕ್ಕೆ ಸಿಕ್ಕಿಸಲು ರಾಗಿ ಹಿಟ್ಟು ಕಲಸಿ, ಗೋಲಿಯಷ್ಟು ಉಂಡೆ ಕಟ್ಟಿ, ಕರಗುತ್ತದೋ ನಿಲ್ಲುತ್ತದೋ ಎಂದು ನೀರಿನ ಲೋಟಕ್ಕೆ ಹಾಕಿ ಪರೀಕ್ಷೆ ಮಾಡುತ್ತಿದ್ದಳು.

"ಮೀನು ಹಿಡಿಯಂಗಿಲ್ವಂತೆ ಕನವ್ವ," ಎಂದೆ.

"ಯಾರಂದರು? ಸರ್ಕಾರದೋರಾ?"

"ಸರ್ಕಾರದೋರು ಲೈಸೆನ್ಸ್ ಕೊಟ್ಟವ್ರೆ. ಬ್ಯಾಡ ಅಂದೋರು ನಮ್ಮ ಗ್ರೂಪಿನೋರು."

"ಲೈಸೆನ್ಸ್ ಕೊಡೋರು ನಮ್ ಕುಲ ಕೇಳುದ್ರಾ?"

"ಇಲ್ಲ. ಎತ್ತರ, ತೂಕ, ಕಣ್ಣಿನ ಬಣ್ಣ ಕೇಳುದ್ರು."

ಅವ್ವ ಲೋಟದೊಳಗಿನ ಉಂಡೆಯನ್ನು ಬೆರಳಲ್ಲಿ ಎತ್ತಿ ನೋಡಿದಳು. "ಬ್ಯಾಡ ಅಂದೋರ್ಗೆ ನೀನೇನಂದೆ?"

"ಸರಿ ಅಂದೆ."

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಉಂಡೆಗಳನ್ನೆಲ್ಲ ಬಾಚಿ ಮತ್ತೆ ಒಂದೇ ಮುದ್ದೆ ಮಾಡಿ, "ರೊಟ್ಟಿ ತಟ್ತೀನಿ ಬುಡು" ಎಂದಳು.

ನನಗೆ ತಡೆಯಲಾಗಲಿಲ್ಲ. ಅಲ್ಲೇ ನಿಂತು ಶೀಟ್ ತೆರೆದೆ. ಮೊಸರನ್ನಗಳ ಕೆಳಗೆ ಒಂದು ಸಾಲು ಖಾಲಿಯಿತ್ತು. ಟೈಪ್ ಮಾಡಿ ಅವ್ವನಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ: "ತರುವವರು, ಬೆಟ್ಟಮ್ಮ. ಅಡುಗೆ, ಕೆಂಡದಲ್ಲಿ ಸುಟ್ಟ ಮೀನು. ಅಲ್ಲೇ ಕೆರೆಯಲ್ಲಿ ಹಿಡಿದದ್ದು, ಸಿಕ್ಕರೆ."

ನಿಮಿಷದೊಳಗೆ ಫೋನು ಬಡಿದುಕೊಳ್ಳತೊಡಗಿತು. ಗುರುಪ್ರಸಾದ್. ಬಡಿದುಕೊಳ್ಳಲಿ ಎಂದು ಬಿಟ್ಟೆ.

ಅವ್ವ ಮುದ್ದೆಯಿಂದ ಒಂದು ಚೂರು ಮುರಿದು ಅಂಗೈಯಲ್ಲಿಟ್ಟು ಮತ್ತೆ ಉಂಡೆ ಕಟ್ಟಿದಳು. ಮುಖ ಮಾತ್ರ ಇನ್ನೂ ಗಂಟಿಕ್ಕಿಕೊಂಡೇ ಇತ್ತು.

"ಸಿಕ್ಕರೆ ಅಂತ ಯಾಕೆ ಬರ್ದೆ?" ಎಂದಳು. "ಅದ ತೆಗಿ."