ಹಿಂದಿನವನ ಹೆಜ್ಜೆ

ಆ ಹುಡುಗನ ಕತ್ತಿನ ಹಿಂಭಾಗದಲ್ಲಿ ಬೆವರಿನ ಒಂದು ಹನಿ, ಬೀಳುತ್ತಿಲ್ಲ, ಹೊಸದಾಗಿ ಕ್ಷೌರ ಮಾಡಿಸಿದ ಕೂದಲಂಚಿಗೆ ಅಂಟಿಕೊಂಡು ನಿಂತಿದೆ, ಮುದುಕ ಆರ್ಲಿಸ್ ಟ್ರೆಡ್‌ವೆಲ್ ಅದನ್ನೇ ನೋಡುತ್ತಿದ್ದಾನೆ, ನೋಡಬೇಕಾದದ್ದು ಅದಲ್ಲ, ನೋಡಬೇಕಾದದ್ದು ಬೆನ್ನು, ಭುಜ, ನಿಂತ ಕಾಲುಗಳ ನಡುಕ — ಸಂಘಕ್ಕೆ ಸೇರಿದ ಹೊಸಬರ ಸಾಲನ್ನು ಹಿಂದಿನಿಂದಲೇ ನೋಡಬೇಕು, ಹಳಬರು ಗುಟ್ಟಾಗಿ ಹೊಡೆಯುವುದುಂಟು, ಪೆಟ್ಟು ತಿಂದ ಹುಡುಗನ ಮುಖ ನಗಬಲ್ಲದು, ಬೆನ್ನು ನಗಲಾರದು, ಅಲಬಾಮದ ಕಪ್ಪು ಜನರ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಸೋದರಸಂಘದ ಶಾಖೆಗಳಿಗೆಲ್ಲ ಪ್ರಾಂತಾಧಿಕಾರಿಯಾಗಿ ಹಳೆಯ ಕಾರಿನಲ್ಲಿ ತಿರುಗಿ ತಿರುಗಿ ಅವನು ಕಲಿತ ವಿದ್ಯೆ ಅದೊಂದೇ. ಇಲ್ಲಿ ಯಾರೂ ಯಾರಿಗೂ ಹೊಡೆದಿಲ್ಲ, ಕರ್ತನ ದಯೆ, ಬೆನ್ನುಗಳು ನೆಟ್ಟಗಿವೆ, ತುಕ್ಕುಬಣ್ಣದ ಜಾಕೆಟ್ಟುಗಳು ಈ ಬಿಸಿಲಲ್ಲೂ ಗುಂಡಿ ಹಾಕಿಕೊಂಡಿವೆ, ಗಿಡ್ಡನೆಯವನು ಮುಂದೆ, ಉದ್ದನೆಯವನು ಕೊನೆಗೆ, ಒಬ್ಬನ ಎದೆ ಇನ್ನೊಬ್ಬನ ಬೆನ್ನಿಗೆ ತಾಗುವ ಹಾಗೆ — ನಡುವೆ ಮಾತ್ರ ಒಂದು ಆಳು ನಿಲ್ಲುವಷ್ಟು ಜಾಗ ಖಾಲಿ, ಅಲ್ಲಿ ಹುಲ್ಲು, ಜೀರುಂಡೆಗಳು ಕೂಗುತ್ತಿವೆ, ಹುಲ್ಲು ಎರಡು ಕಡೆ ತಗ್ಗಿದೆ, ಎರಡು ಪಾದದ ಅಗಲಕ್ಕೆ, ಅದರ ಮೇಲೆ ಯಾರೂ ಇಲ್ಲ.

ಯಾರ ಜಾಗ ಅಂತ ಕೇಳಬೇಕಾಗಿಲ್ಲ. ಈಸ್ಟರ್ ರಜೆಗೆ ತನ್ನೂರು ಮೊಬೀಲಿಗೆ ಹೊರಟ ರಾಂಡೆಲ್ ಎಂಬ ಹುಡುಗ, ಹೆದ್ದಾರಿಯಲ್ಲಿ ಮಗುಚಿದ ಕಾರು, ಪ್ರಾಂತಾಧಿಕಾರಿ ಆ ಮಣ್ಣಿಗೆ ಹೋಗಬೇಕಿತ್ತು, ಹೋಗಲಿಲ್ಲ, ಆ ವಾರವೇ ಸೆಲ್ಮದಲ್ಲಿ ಕ್ಲೆವನ್ ಮಿಂಗೊನ ಶವಪೆಟ್ಟಿಗೆಯ ಮುಂದೆ ಅವನು ನಿಂತಿದ್ದ, ಕ್ಲೆವನ್, ಹುಡುಗರಾಗಿದ್ದಾಗ ಇಬ್ಬರೂ ಸಂಘ ಸೇರಿದ ಸಾಲಿನಲ್ಲಿ ಎಲ್ಲರಿಗಿಂತ ಗಿಡ್ಡ, ಎಲ್ಲರಿಗಿಂತ ಮುಂದೆ, ಆರ್ಲಿಸ್ ಅವನ ಬೆನ್ನಿಗೆ. ಲೇ ಆರ್ಲಿಸ್, ನನ್ನ ಕತ್ತು ನೋಡೀ ನೋಡೀ ನಿನಗೆ ನನ್ನ ಮುಖಾನೇ ಮರೆತು ಹೋಗತ್ತೆ ಕಣೋ, ಒಂದಿನ ನೀನು ಮುಂದೆ ನಿಲ್ಲು, ನಾನು ನಿನ್ನ ಕತ್ತು ನೋಡ್ತೀನಿ, ಅದರಲ್ಲಿ ಏನಿದೆ ಅಂತ ನನಗೂ ಗೊತ್ತಾಗಲಿ. ಕ್ಲೆವನ್ ಹೀಗಂದು ನಗುತ್ತಿದ್ದ. ತನ್ನ ಮದುವೆಯಲ್ಲಿ ಹೇಳಿದ, ಮಗಳ ಮದುವೆಯಲ್ಲಿ ಹೇಳಿದ, ಆಸ್ಪತ್ರೆಯ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿಕೊಂಡೂ ಹೇಳಿದ. ಈಗ ನಿಜವಾಗಿಯೂ ಮುಖ ಬರುತ್ತಿಲ್ಲ, ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಕತ್ತು, ಅದರ ಮಡಿಕೆ, ಕೂದಲಂಚಿನಲ್ಲಿ ಬೆವರಿನ ಹನಿ.

ಟ್ರೆಡ್‌ವೆಲ್ ಅಣ್ಣ, ಒಂದು ಮಾತು ಕೇಳಲಾ. ಖಾಲಿ ಜಾಗದ ಹಿಂದೆ ನಿಂತ ಹುಡುಗ, ಕೀಲನ್ ಗುಡ್‌ಲೋ, ತಿರುಗದೆ ಕೇಳುತ್ತಾನೆ — ಮೊಮ್ಮಗನ ವಯಸ್ಸು, ಆದರೆ ಸಂಘದಲ್ಲಿ ಅಜ್ಜನೂ ಅಣ್ಣನೇ. ಕೇಳಪ್ಪ. ಈ ಜಾಗ ಬಿಡಬೇಕಾ, ಮುಚ್ಚಬೇಕಾ, ನಮಗೆ ಹೇಳೋರು ಯಾರೂ ಇಲ್ಲ. ಕೊನೆಯಲ್ಲಿ ನಿಂತ ಉದ್ದನೆಯವನು, ಬಾಲ ಎಂದು ಎಲ್ಲರೂ ಕರೆಯುವವನು, ನಡುವೆ ಬಾಯಿ ಹಾಕಿದ, ಅಣ್ಣ, ಇವನು ನಿದ್ದೆ ಮಾಡಲ್ಲ, ಊಟಕ್ಕೆ ಬರಲ್ಲ, ಕಾಲೇಜು ಬಿಡ್ತೀನಿ ಅಂತ ಪೆಟ್ಟಿಗೆ ಕಟ್ಟಿ ಇಟ್ಟಿದಾನೆ, ನಾಳೆ ಅಪ್ಪ ಬರ್ತಾರಂತೆ. ನೀನು ಸುಮ್ನಿರೋ ಬಾಲ. ಸುಮ್ನಿರಕ್ಕೆ ನಾನೇನು ನಿನ್ನ ಬಾಲಾನಾ, ಸಾಲಿನ ಬಾಲ. ಯಾರೋ ನಗಲು ಹೋಗಿ ನಿಲ್ಲಿಸಿದರು. ಕೀಲನ್‌ನ ದನಿ ತಗ್ಗಿತು. ಅಣ್ಣ, ಹೆಜ್ಜೆ ಹಾಕುವಾಗ ನನ್ನ ಬೂಟು ಅವನ ಹಿಮ್ಮಡಿಗೆ ತಾಗುತ್ತೆ. ಇಲ್ಲಿ ಯಾರೂ ಇಲ್ಲ, ನನಗೂ ಕಾಣುತ್ತೆ, ಆದರೂ ತಾಗುತ್ತೆ.

ಆರ್ಲಿಸ್‌ಗೆ ಗೊತ್ತು. ಹಿಂದಿನವನು ಹೆಜ್ಜೆ ಇಡುವ ತನಕ ಮುಂದಿನವನು ಮಲಗುವುದಿಲ್ಲ — ಸಂಘದ ಹಳಬರು ಇದನ್ನು ಬರೆದಿಟ್ಟಿಲ್ಲ, ಬಾಯಲ್ಲಿ ಇಟ್ಟಿದ್ದಾರೆ, ಮಣ್ಣಾಗುವ ದಿನ ಬೆನ್ನಿಗೆ ನಿಂತಿದ್ದವನು ಒಂದು ಹೆಜ್ಜೆ ಮುಂದೆ ಹೋಗಿ ಸತ್ತವನ ಜಾಗದಲ್ಲಿ ನಿಂತು ಹೇಳಬೇಕು, ನಿನ್ನ ಜಾಗ ನನಗೆ ಬಂತು, ನೀನು ಹೋಗಿ ಮಲಗು. ಇಷ್ಟೇ. ಎಷ್ಟು ಮಂದಿಗೆ ಹೇಳಿಕೊಟ್ಟಿದ್ದಾನೆ, ಎಷ್ಟು ಮಂದಿಯ ಭುಜ ಹಿಡಿದು ಮುಂದಕ್ಕೆ ತಳ್ಳಿದ್ದಾನೆ. ಸೆಲ್ಮದ ಆ ಚರ್ಚಿನ ಸಭೆಯಲ್ಲಿ ಬೀಸಣಿಗೆಗಳು ಆಡುತ್ತಿದ್ದವು, ಪಾಸ್ಟರ್ ಕಾಯುತ್ತಿದ್ದರು, ಕಾಲು ಮಾತ್ರ ಏಳಲಿಲ್ಲ, ಮಂಡಿನೋವು ಅಂದ, ಎಲ್ಲರೂ ನಂಬಿದರು, ಕರ್ತನು ನಂಬಿರಲಾರ. ಸಾಲಿನ ನಡುವೆ ಮುಚ್ಚುವುದು ಬೇರೆ, ಅಲ್ಲಿ ಮುಂದೆ ಇನ್ನೊಂದು ಬೆನ್ನು ಇರುತ್ತದೆ. ಕ್ಲೆವನ್‌ನ ಮುಂದೆ ಯಾರೂ ಇರಲಿಲ್ಲ. ಆ ಜಾಗಕ್ಕೆ ಹೋದರೆ ಕಣ್ಣೆದುರು ನೋಡಲಿಕ್ಕೆ ಒಂದು ಕತ್ತೂ ಇಲ್ಲ.

ಹೆಜ್ಜೆ ಇಡಬೇಕು ಮಗು, ಅಂದ, ಮಾತು ಹೇಳಿಕೊಟ್ಟ. ಕೀಲನ್ ಮೊದಲ ಸಲ ತಿರುಗಿದ, ಕಣ್ಣ ಕೆಳಗೆ ಕಪ್ಪಾಗಿತ್ತು. ನೀವು ನಿಮ್ಮ ಮುಂದಿನವರಿಗೆ ಇಟ್ಟಿರಾ, ಅಣ್ಣ. ಜೀರುಂಡೆಗಳು ಒಮ್ಮೆಲೇ ನಿಂತವು. ಇಟ್ಟೆ ಅನ್ನಲು ಬಾಯಿ ತೆರೆದ, ನಾಲ್ವತ್ತು ವರ್ಷ ಸಭೆಯ ಕಾಣಿಕೆ ತಟ್ಟೆ ಹಿಡಿದವನ ಬಾಯಿ, ಆ ಸುಳ್ಳು ಬರಲಿಲ್ಲ. ಇಲ್ಲಪ್ಪ. ಇನ್ನೂ ಇಲ್ಲ. ಹಾಗಾದರೆ ತೋರಿಸಿಕೊಡಿ, ಅಣ್ಣ, ನೀವು ಇಟ್ಟರೆ ನಾನೂ ಇಡ್ತೀನಿ.

ಹುಡುಗರು ಸರಿದು ಓಕ್ ಮರದ ಬುಡದಲ್ಲಿ, ಸಂಘದ ಬಣ್ಣ ಬಳಿದ ಕಾಂಡಕ್ಕೆ ಒರಗಿ ನಿಂತರು, ಎಲ್ಲರೂ ಅವನ ಎಡಗಡೆ, ಎಲ್ಲರೂ ಕಣ್ಣಿಗೆ ಕಾಣುವ ಹಾಗೆ. ಆರ್ಲಿಸ್ ಒಬ್ಬನೇ ಬಯಲಲ್ಲಿ ನಿಂತ, ಎದೆಯ ಮುಂದೆ ಒಂದು ಗೇಣು ದೂರಕ್ಕೆ, ನೋಡಬೇಕಾಗಿಯೂ ಇಲ್ಲ, ಅದೇ ಕತ್ತು, ಅದೇ ಮಡಿಕೆ, ಕ್ಲೆವನ್, ನಿನ್ನ ಮುಖ ಒಂದು ಸಲ, ಒಂದೇ ಸಲ ತಿರುಗೋ ಮಾರಾಯ — ತಿರುಗಲಿಲ್ಲ, ಯಾವತ್ತೂ ತಿರುಗಿರಲಿಲ್ಲ, ಕಾಲು ಎದ್ದಿತು, ಮಂಡಿ ನೋಯಲೇ ಇಲ್ಲ, ನಿನ್ನ ಜಾಗ ನನಗೆ ಬಂತು, ನೀನು ಹೋಗಿ ಮಲಗು, ಪಾದ ಊರಿದ ಕಡೆ ಹುಲ್ಲು ಬೆಚ್ಚಗಿತ್ತು, ಈಗಷ್ಟೇ ಯಾರೋ ಎದ್ದುಹೋದ ಕುರ್ಚಿಯ ಹಾಗೆ. ಎದುರಿಗೆ ಕೆಂಪು ಮಣ್ಣಿನ ದಾರಿ, ಬಿಳಿ ಬಿಸಿಲು, ಅಷ್ಟೇ, ಯಾರ ಬೆನ್ನೂ ಇಲ್ಲ. ಎಡಗಡೆಯಲ್ಲಿ ಕೀಲನ್ ಸಾಲಿದ್ದ ಕಡೆಗೆ ಬಂದ, ರಾಂಡೆಲ್‌ನ ಜಾಗಕ್ಕೆ ಒಂದು ಹೆಜ್ಜೆ ಇಟ್ಟ, ತುಟಿ ಆಡಿತು, ಅವನ ಭುಜ ಇಳಿಯಿತು, ಅಳುತ್ತಿದ್ದಾನೆ, ಅಳಲಿ, ನಾಳೆ ಬರುವ ಅಪ್ಪ ಖಾಲಿ ಕೈಯಲ್ಲಿ ಹಿಂದಿರುಗುತ್ತಾನೆ, ಹುಡುಗ ಕಾಲೇಜು ಬಿಡುವುದಿಲ್ಲ — ಆದರೆ ಹುಡುಗನ ಕೈ ತನ್ನ ಕತ್ತಿನ ಹಿಂದಕ್ಕೆ ಯಾಕೆ ಹೋಯಿತು, ಏನನ್ನು ಒರೆಸಿಕೊಂಡ, ಹಿಂದೆ ತಿರುಗಿ ಯಾಕೆ ನೋಡಿದ, ಬಾಲ ಇನ್ನೂ ಮರದ ಹತ್ತಿರವೇ ಇದ್ದಾನೆ, ಎಲ್ಲರೂ ಮರದ ಹತ್ತಿರವೇ ಇದ್ದಾರೆ, ಆರ್ಲಿಸ್‌ನ ಹಿಂದೆ ಯಾರೂ ಇಲ್ಲ, ಇರಬಾರದು, ಗಾಳಿಯೂ ಇಲ್ಲ, ಆದರೂ ಈ ಕತ್ತಿನಲ್ಲಿ ಏನಿದೆ ಅಂತ ಯಾರೋ ಬಗ್ಗಿ ನೋಡುವಷ್ಟು ಹತ್ತಿರದ ಬಿಸಿಯುಸಿರು, ಕೂದಲಂಚಿನಲ್ಲಿ, ಅಲ್ಲಿ, ತನ್ನದೇ ಕತ್ತಿನ ಮೇಲೆ, ಒಂದು ಹನಿ, ಬೀಳುತ್ತಿಲ್ಲ.