ಮರ್ಲ್ ಕೊಟ್ಟ ಹೊಸ ಕೋವಿ

ಮೊದಲ ಗುಂಡು ಜಿಂಕೆಯ ಹೊಟ್ಟೆಗೆ ಬಿತ್ತು. ಗುರಿ ತಪ್ಪಿದ್ದು ತನ್ನಿಂದಲೇ ಎಂದು ಡಾಗ್ನಿಗೆ ಗೊತ್ತಿತ್ತು. ಎರಡನೆಯದು ಹಾರಿದ್ದರೆ ಜಿಂಕೆಯ ನರಳಾಟ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮುಂದಿನ ತೋಟಾ ಏರಿಸಲು ಕೋವಿಯ ಲಿವರ್ ಎಳೆದರೆ ಅರ್ಧದಲ್ಲೇ ಕಚ್ಚಿಕೊಂಡಿತು. ತೋಟಾ ಒಳಗೆ ಅಡ್ಡ ಸಿಕ್ಕಿ ಲಿವರ್ ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಹೋಗಲಿಲ್ಲ. ಜಿಂಕೆ ಬೆನ್ನು ಬಾಗಿಸಿಕೊಂಡು ಪೈನ್ ಮರಗಳೊಳಗೆ ನಡೆದುಹೋಯಿತು.

ಡಾಗ್ನಿ ಟ್ವೆಟ್‌ಗೆ ಅರವತ್ತೆರಡು. ಮೊಂಟಾನದ ಈ ಗುಡ್ಡದಲ್ಲಿ ಹದಿನಾಲ್ಕನೆಯ ವಯಸ್ಸಿನಿಂದ ಪ್ರತಿ ನವೆಂಬರ್ ಬೇಟೆಯಾಡಿದವಳು. ಹೋದ ವರ್ಷದವರೆಗೂ ಅವಳ ಕೈಯಲ್ಲಿದ್ದದ್ದು ಅಪ್ಪ 1951ರಲ್ಲಿ ಕೊಂಡಿದ್ದ ಕೋವಿ. ಅಕ್ರೋಟ ಮರದ ಹಿಡಿ. ತೊಟ್ಟಿಲು ತೂಗಿದಷ್ಟು ಹಗುರಾಗಿ ಆಡುವ ಲಿವರ್.

ಆಗಸ್ಟ್‌ನಲ್ಲಿ ಅದನ್ನು ಎಣ್ಣೆ ಹಾಕಿಸಲೆಂದು ಮರ್ಲ್ ಹ್ಯಾಸ್ಕೆಟ್‌ನ ಕೋವಿ ಅಂಗಡಿಗೆ ಒಯ್ದಿದ್ದಳು. ಮರ್ಲ್ ಅವಳ ಶಾಲೆಯ ಸಹಪಾಠಿ. ಬಿಚ್ಚಿ ನೋಡಿ ತಲೆಯಾಡಿಸಿದ್ದ. "ಒಳಗೆಲ್ಲ ಸವೆದುಹೋಗಿದೆ ಡಾಗ್ನಿ. ಹಿಮದಲ್ಲಿ ಕೈಕೊಡುತ್ತೆ. ಇದನ್ನ ಬಿಟ್ಟು ಹೊಸದು ತಗೊಂಡು ಹೋಗು. ನಿನಗೆ ಅಂತ ಸರಿಸಮ ಅದಲಿ ಬದಲಿ." ಹೊಸದರ ಲಿವರಿನ ಅಂಚು ಬೆರಳು ಕೊಯ್ಯುತ್ತಿತ್ತು, ಹಿಡಿ ಬರೀ ಬಣ್ಣ ಬಳಿದ ಅಗ್ಗದ ಮರ. ಕೇಳಿದ್ದಕ್ಕೆ "ಹೊಸದಲ್ವಾ, ಪಳಗುತ್ತೆ" ಅಂದಿದ್ದ. ಅವಳು ನಂಬಿ ಬದಲಿಸಿಕೊಂಡು ಬಂದಿದ್ದಳು.

ರಕ್ತದ ಜಾಡು ಹಿಡಿದು ಡಾಗ್ನಿ ಎರಡು ಗಂಟೆ ನಡೆದಳು. ಎರಡು ಕಡೆ ಜಿಂಕೆ ಮಲಗಿ ಎದ್ದ ಗುರುತು ಹಿಮದಲ್ಲಿತ್ತು. ಅದನ್ನು ಕಂಡಾಗಲೆಲ್ಲ ಅವಳ ಹೆಜ್ಜೆ ಬಿರುಸಾಯಿತು. ಅಷ್ಟರಲ್ಲಿ ದಿಣ್ಣೆಯಾಚೆ ಒಂದು ಗುಂಡಿನ ಸದ್ದು. ಏದುಸಿರು ಬಿಡುತ್ತ ಹತ್ತಿ ನೋಡಿದರೆ ಜಿಂಕೆ ಸತ್ತು ಬಿದ್ದಿದೆ. ಪಕ್ಕದಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಮರ್ಲ್. ಅವನ ಕೈಯಲ್ಲಿ ಅಪ್ಪನ ಕೋವಿ.

"ಓ, ನಿಂದಾ ಇದು? ಪಾಪ, ಒದ್ದಾಡ್ತಿತ್ತು. ಮುಗಿಸಿದೆ, ನೀನೇ ಒಯ್ಯಿ" ಎಂದ ಮರ್ಲ್, ಕೋವಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸುತ್ತ.

"ಬಚ್ಚಿಡಬೇಡ. ಸವೆದುಹೋಗಿದೆ ಅಂದ್ಯಲ್ಲ?"

"ಅದು... ಸ್ವಲ್ಪ ರಿಪೇರಿ ಮಾಡ್ದೆ."

"ಏನು ಮಾಡ್ದೆ?"

ಮರ್ಲ್ ಬೂಟಿನ ತುದಿಯಿಂದ ಹಿಮ ಕೆದಕಿದ.

ಡಾಗ್ನಿ ತನ್ನ ಕೈಯಲ್ಲಿದ್ದ ಹೊಸ ಕೋವಿಯನ್ನು ಅವನ ಎದೆಗೆ ಒತ್ತಿದಳು. "ತಗೋ, ಲಿವರ್ ಎಳಿ."

ನಳಿಗೆಯನ್ನು ನೆಲದತ್ತ ತಿರುಗಿಸಿ ಎಳೆದ. ಕೈಗವಸು ಕಳಚಿ ಎಳೆದ. ಮೊಣಕಾಲಿಗೆ ಒತ್ತಿ ಎಳೆದ. ಅದು ಜಗ್ಗಲಿಲ್ಲ.

"ಈಗಿನವು ಹೀಗೇ ಬರ್ತಿವೆ. ಕಂಪನಿಗೆ ಕಳಿಸೋಣ, ಸರಿಮಾಡಿ..."

"ಹೀಗೇ ಬರ್ತವೆ ಅಂತ ಗೊತ್ತಿತ್ತು ನಿಂಗೆ! ಅದಕ್ಕೇ ಇದನ್ನ ನನ್ನ ತಲೆಗೆ ಕಟ್ಟಿ, ನನ್ನದನ್ನ ನೀನಿಟ್ಕೊಂಡೆ. ನಿನ್ನ ಮಾತು ನಂಬಿದ್ದಕ್ಕೆ ಈ ಪ್ರಾಣಿ ಎರಡು ಗಂಟೆ ನರಳ್ತು. ನಾಚಿಕೆ ಆಗಲ್ವಾ?"

"ವ್ಯಾಪಾರ ಅಂದ್ರೆ ವ್ಯಾಪಾರ, ಡಾಗ್ನಿ."

"ಹೌದಾ? ಹಾಗಿದ್ರೆ ಶನಿವಾರ ನಿನ್ನ ಅಂಗಡಿ ಬಾಗಿಲಲ್ಲೇ ಕೂತು ಬಂದೋರಿಗೆಲ್ಲ ಹೇಳ್ತೀನಿ, ಮರ್ಲ್ ಮಾರೋದು ಯಾವುದು, ಬೇಟೆಗೆ ಒಯ್ಯೋದು ಯಾವುದು ಅಂತ."

ಅವನ ಮುಖ ಬಿಳಿಚಿತು. ಅಪ್ಪನ ಕೋವಿಯಿಂದ ಒಂದೊಂದೇ ತೋಟಾ ತೆಗೆದು, ಕೋವಿಯನ್ನು ಅವಳತ್ತ ಚಾಚಿದ.

ಡಾಗ್ನಿ ಲಿವರ್ ಎಳೆದಳು. ಮೊದಲಿನ ಹಾಗೇ ಆಡಿತು. ಆದರೆ ಉಕ್ಕಿನ ಮೈ ಮೇಲೆ ಹೆಬ್ಬೆರಳು ಆಡಿಸುವಾಗ ಏನೋ ತಡೆಯಿತು. ಸಾಲಾಗಿ ನಾಲ್ಕು ಹೊಸ ತೂತು.

"ದುರ್ಬೀನು ಕೂರಿಸೋಕೆ ಕೊರೆಸಿದೆ. ನನ್ನ ಕಣ್ಣು ಮಂಜು" ಎಂದ ಮರ್ಲ್, ಸಣ್ಣ ದನಿಯಲ್ಲಿ.

ಎಪ್ಪತ್ತು ವರ್ಷ ಯಾರೂ ಗೀರದ ಉಕ್ಕು. ಡಾಗ್ನಿ ಕೋವಿಯನ್ನು ಮರಕ್ಕೆ ಒರಗಿಸಿ, ಚಾಕು ತೆಗೆದು ಜಿಂಕೆಯ ಪಕ್ಕ ಮೊಣಕಾಲೂರಿದಳು.

"ಅದರ ಕಾಲು ಹಿಡಿದುಕೊಳ್ಳಲಾ?" ಎಂದ.

"ಮುಟ್ಟಬೇಡ. ಹೋಗು."

ಒಡೆದ ಕರುಳಿನ ನಾತ ಮುಖಕ್ಕೆ ರಾಚಿತು. ಅರ್ಧ ಮಾಂಸ ಕೆಟ್ಟಿತ್ತು. ಕೆಟ್ಟದ್ದನ್ನು ಕೊಯ್ದು ಕೊಯ್ದು ಬಿಸಾಡುತ್ತ, ಅವನು ಇಳಿಜಾರು ದಾಟುವವರೆಗೂ ಅವಳು ತಲೆಯೆತ್ತಲಿಲ್ಲ.